ಸೀತು ಮಾಸ್ಟರು ಕರೆಯಬೇಕಿದ್ದ ಹೆಸರು

ಕುಕ್ಕರ್ ಸೀಟಿ ಹಾಕುವ ಮುಂಚೆ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತದೆ. ಮದುವೆಯಾದ ಮರುದಿನದಿಂದ ಕುಕ್ಕರ್ ಇಡುತ್ತಾ ಬಂದಿದ್ದರೂ ಇದನ್ನು ನಾನು ಗಮನಿಸಿದ್ದು ಐವತ್ತು ದಾಟಿದ ಮೇಲೆ, ಅದೂ ಸೀತು ಮಾಸ್ಟರ ದಯೆಯಿಂದ. ಮಹಡಿಯ ಮೆಟ್ಟಿಲ ತುದಿಯಲ್ಲಿ ಒಂದು ಗ್ರಿಲ್ ಬಾಗಿಲು. ಅದರ ಹಿಂದೆ ಬೆತ್ತದ ಕುರ್ಚಿ ಹಾಕಿಕೊಂಡು ಅವರು ಕೂತಿರುತ್ತಿದ್ದರು. ಕುಕ್ಕರ್ ಉಸಿರೆಳೆದ ಕೂಡಲೇ ಪಿಟೀಲಿನ ಕಮಾನನ್ನು ಗ್ರಿಲ್ಲಿನ ಸಂದಿಯಿಂದ ಹೊರಗೆ ಚಾಚಿ, ನಮ್ಮ ಅಡುಗೆಮನೆಯ ಕಿಟಕಿಯತ್ತ ತೋರಿಸಿ, “ಎತ್ಕೋ, ಕುಕ್ಕರ್!” ಎನ್ನುತ್ತಿದ್ದರು. ಕುಕ್ಕರ್ ಕೂಗುತ್ತಿತ್ತು. “ಎತ್ಕೋ, ಸೊಪ್ಪಮ್ಮ!” ಎಂದರೆ ಬೀದಿಯ ತಿರುವಿನಿಂದ “ದಂಟೂ... ಮೆಂತ್ಯಾ...” ಎಂದು ಕೇಳಿಸುತ್ತಿತ್ತು. ಎದುರುಮನೆಯವರು ಕಾರು ಹಿಂದಕ್ಕೆ ತೆಗೆಯುವಾಗ ಬರುವ ಕೀಂಕೀಂ ಸದ್ದಿಗೂ ಅವರ ಬಳಿ ಸರದಿ ಇತ್ತು. ಬೀದಿಯೆಲ್ಲ ಅವರ ಬ್ಯಾಂಡು, ಅವರು ಕರೆದ ಮೇಲೆಯೇ ಒಬ್ಬೊಬ್ಬರೂ ಬಾರಿಸಬೇಕು ಎನ್ನುವ ಹಾಗೆ.

ನೋಡಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಆ ಗ್ರಿಲ್ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು, ಅದರ ಕೀ ಕೆಳಗೆ ನಮ್ಮ ದೇವರಮನೆಯಲ್ಲಿತ್ತು. ಹಾಗಾಗಿ ನನ್ನ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಸೀತು ಮಾಸ್ಟರು ಅಂದರೆ ಸೀತಾರಾಮಯ್ಯ, ನಮ್ಮ ಮನೆಯ ಓನರ್. ಜಯನಗರದಲ್ಲಿ, ತ್ಯಾಗರಾಜನಗರಕ್ಕೆ ಅಂಟಿಕೊಂಡ ಬದಿಯಲ್ಲಿ ಅವರ ಮನೆ. ಮೇಲೆ ಅವರು ಮತ್ತು ಮಗಳು ವಸುಧಾ, ಕೆಳಗೆ ಬಾಡಿಗೆಗೆ ನಾವು. ವಸುಧಾ ಹೈಸ್ಕೂಲು ಟೀಚರು, ಮದುವೆಯಾಗಲಿಲ್ಲ. ಎಂಬತ್ತೆರಡು ದಾಟುವವರೆಗೆ ಮಾಸ್ಟರು ನೆಟ್ಟಗೇ ಇದ್ದರು. ಆಮೇಲೆ ಒಂದು ದಿನ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಪಿಟೀಲಿನ ಪೆಟ್ಟಿಗೆ ಹಿಡಿದುಕೊಂಡು ಮೆಟ್ರೋ ಹತ್ತಿಬಿಟ್ಟರು. ಸಿಕ್ಕಿದ್ದು ತಲಘಟ್ಟಪುರದಲ್ಲಿ. “ಇಲ್ಲಿ ಕ್ಲಬ್ ಎಲ್ಲಿದೆ? ಡಾನ್ಸ್ ಪ್ರೋಗ್ರಾಂ ಇದೆ, ಪಾರ್ಟಿಯವರೆಲ್ಲ ಕಾಯ್ತಿದ್ದಾರೆ” ಎಂದು ಸ್ಟೇಷನ್ನಿನ ಮುಂದೆ ಹೋಗಿಬರುವವರನ್ನೆಲ್ಲ ಕೇಳುತ್ತಿದ್ದರಂತೆ. ಎರಡನೆಯ ಸಲ ಹೊರಟಾಗ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದ ವಾರ ವಸುಧಾ ಬೀಗ ತಂದಳು.

ಕೀಯನ್ನು ನನ್ನ ಕೈಯಲ್ಲಿಟ್ಟು, “ಶಾರದಕ್ಕ, ಊಟದ ಡಬ್ಬಿ ಗ್ರಿಲ್ ಸಂದೀಲೇ ಕೊಟ್ಬಿಡಿ. ಬೆಂಕಿ ಗಿಂಕಿ ಬಿದ್ರೆ ಮಾತ್ರ ಬೀಗ ತೆಗೀರಿ. ಅವರು ಏನೇ ಹೇಳ್ಲಿ, ಎಷ್ಟೇ ಬೇಡಿಕೊಳ್ಲಿ, ತೆಗೀಬೇಡಿ. ನಿಮ್ಮ ದೇವರ ಮೇಲೆ ಆಣೆ ಇಟ್ಟು ಹೇಳಿ” ಎಂದಳು.

ಆಂಜನೇಯನ ಪಟದ ಮುಂದೆ ದೀಪ ಉರಿಯುತ್ತಿತ್ತು. ಆಣೆ ಇಟ್ಟೆ. ಪಟದ ಕೆಳಗಿನ ಮೊಳೆಗೆ ಕೀ ತೂಗುಹಾಕಿದೆ. ಬಾಡಿಗೆಯವಳು ಓನರನ್ನೇ ಕೂಡಿಹಾಕಿದ ಹಾಗಾಯಿತು. ಇದೇನಪ್ಪ ತಂದೆ, ನನಗೆಂಥ ಕೆಲಸ ಒಪ್ಪಿಸಿದೆ ಎಂದುಕೊಂಡೆ. ಆದರೆ ವಸುಧಾ ತಾನೇ ಏನು ಮಾಡಿಯಾಳು? ಅವಳು ಕೆಲಸ ಬಿಟ್ಟು ಕೂರುವ ಹಾಗಿರಲಿಲ್ಲ. ಹಗಲು ನೋಡಿಕೊಳ್ಳಲು ಇಟ್ಟ ಇಬ್ಬರೂ ತಿಂಗಳು ತುಂಬುವ ಮುಂಚೆಯೇ ಹೋಗಿಬಿಟ್ಟಿದ್ದರು.

ನಾನೂ ಎಲ್ಲಿಗೂ ಹೋಗುವವಳಲ್ಲ. ನಮ್ಮತ್ತೆ ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಎರಡು ಗಂಟೆ ಮೀರಿ ಬಿಟ್ಟಿರುವಂತಿಲ್ಲ. ದಿನಾ ಸಂಜೆ ದೀಪ ಹಚ್ಚುವಾಗ ಆವತ್ತು ದೇವರು ಮಾಡಿದ ಮೂರು ಉಪಕಾರ ನೆನೆಯುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು. ಅತ್ತೆಯ ಬೆನ್ನಿನ ಹುಣ್ಣು ಒಣಗಿತು. ಹಾಲು ಒಡೆಯಲಿಲ್ಲ. ಆ ಬೀಗ ಬಿದ್ದ ವರ್ಷ ಮೂರನೆಯ ಉಪಕಾರ ಹೆಚ್ಚಾಗಿ ಸೀತು ಮಾಸ್ಟರ ಮಾತೇ ಆಗಿರುತ್ತಿತ್ತು. ಅತ್ತೆ ಮಲಗಿದ ಮೇಲೆ ಬಿಡಿಸಬೇಕಾದ ಅವರೆಕಾಯಿಯನ್ನೋ ಆರಿಸಬೇಕಾದ ಅಕ್ಕಿಯನ್ನೋ ತೆಗೆದುಕೊಂಡು ಮೇಲಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಅವರು ಒಳಗೆ, ನಾನು ಹೊರಗೆ, ಮಧ್ಯೆ ಗ್ರಿಲ್ಲು. ಹಳೆಯದೆಲ್ಲ ಅವರಿಗೆ ನಿನ್ನೆ ನಡೆದಂತೆ ನೆನಪಿತ್ತು. ನಿನ್ನೆಯದು ಮಾತ್ರ ಇರಲಿಲ್ಲ.

ಅವರ ತಂದೆ ಪಿಟೀಲು ವಿದ್ವಾಂಸರು, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಮಗನಿಗೂ ಕಲಿಸಿದರು. ಮಗ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಪಕ್ಕದ ಮೆಷಿನ್ನಿನಲ್ಲಿ ಇದ್ದವನು ವಿಲ್ಸನ್ ಗಾರ್ಡನ್ನಿನ ಜೋಸೆಫ್. ಒಂದು ಭಾನುವಾರ ಜೋಸೆಫ್ ತನ್ನ ಮನೆಗೆ ಕರೆದುಕೊಂಡು ಹೋಗಿ ಗ್ರಾಮಫೋನ್ ಪ್ಲೇಟು ಹಾಕಿದ.

“ಏನಿತ್ತು ಸಾರ್ ಅದರಲ್ಲಿ?” ಎಂದು ಕೇಳಿದ್ದೆ.

“ಪಿಟೀಲಮ್ಮ! ನಮ್ಮ ಪಿಟೀಲೇ! ಆದ್ರೆ ಕುಣೀತಾ ಇತ್ತು. ಅಮೆರಿಕದಲ್ಲಿ ದನ ಕಾಯೋರ ಊರುಗಳಿವೆಯಲ್ಲ, ಅಲ್ಲಿ ಶನಿವಾರ ಸಾಯಂಕಾಲ ಗಂಡ ಹೆಂಡ್ತಿ ಕೈ ಹಿಡ್ಕೊಂಡು ಕುಣಿಯೋಕೆ ಬಾರಿಸ್ತಿದ್ದಿದ್ದು. ವೆಸ್ಟರ್ನ್ ಸ್ವಿಂಗ್ ಅಂತಾರೆ.”

“ಸ್ವಿಂಗ್ ಅಂದ್ರೆ?”

“ಉಯ್ಯಾಲೆ ಮೇಲೆ ಕೂತಾಗ ಕಾಲ್ಬೆರಳಲ್ಲಿ ನೆಲಾನ ಸ್ವಲ್ಪ ತಳ್ತೀರಲ್ಲ? ಆ ತಳ್ಳೋದು. ಅದೊಂದಿದ್ರೆ ಸಾಕು, ಮಿಕ್ಕಿದ್ದು ತಾನೇ ಆಗುತ್ತೆ.”

ಆರು ತಿಂಗಳಲ್ಲಿ ‘ಲಾಲ್‌ಬಾಗ್ ಸ್ವಿಂಗ್ ಪಾರ್ಟಿ’ ಹುಟ್ಟಿತು. ಪಿಟೀಲು ಇವರದು. ಜೋಸೆಫನದು ಸ್ಟೀಲ್ ಗಿಟಾರು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಒಂದು ಉಕ್ಕಿನ ತುಂಡನ್ನು ಜಾರಿಸುತ್ತಾ ಬಾರಿಸುತ್ತಾರೆ. ಮ್ಯಾಂಡೊಲಿನ್, ಡ್ರಮ್ಮು, ನಿಂತು ಬಾರಿಸುವ ದೊಡ್ಡ ಬೇಸು ಹೀಗೆ ಇನ್ನೂ ಮೂವರು. ಊರಿನಲ್ಲಿ ಬೇರೆ ಯಾರೂ ಇದನ್ನು ಬಾರಿಸುತ್ತಿರಲಿಲ್ಲವಂತೆ. ಕಂಟೋನ್ಮೆಂಟಿನ ಕಡೆಯ ಕ್ಲಬ್ಬುಗಳಲ್ಲಿ ಡಾನ್ಸಿಗೆ ಇವರನ್ನು ಕರೆಯತೊಡಗಿದರು. ಪಿಟೀಲನ್ನು ನಿಂತು ಬಾರಿಸುತ್ತಾನೆ ಎಂದು ತಂದೆಯ ಕಿವಿಗೆ ಬಿದ್ದಾಗ ದೊಡ್ಡ ರಾದ್ಧಾಂತವೇ ಆಯಿತು. “ನಿಂತು ಪಿಟೀಲು ಬಾರಿಸೋನು ನನ್ನ ಮನೇಲಿ ಕೂತು ಊಟ ಮಾಡಕೂಡದು” ಎಂದು ಅವರು ಹೇಳಿದರು. ಮಗನೇನು ಕಡಿಮೆಯೇ? ಮೂರು ತಿಂಗಳು ನಿಂತೇ ಊಟ ಮಾಡಿದ. ತಾಯಿ ಪಾಪ, ಸ್ಟೂಲಿನ ಮೇಲೆ ಸ್ಟೂಲಿಟ್ಟು ಎಲೆ ಹಾಕುತ್ತಿದ್ದರಂತೆ.

ಗಣೇಶನ ಹಬ್ಬದಲ್ಲಿ ಜಯನಗರದ ಪೆಂಡಾಲುಗಳಿಗೂ ಈ ಪಾರ್ಟಿ ಬರುತ್ತಿತ್ತು. ಒಮ್ಮೆ ಇವರು ಗಣಪತಿಯ ಕೀರ್ತನೆಯನ್ನೇ ಸ್ವಿಂಗಿನಲ್ಲಿ ಎತ್ತಿಕೊಂಡಾಗ ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತು, “ದೇವರ ಮುಂದೆ ಇದೇನಯ್ಯಾ ಅಪಚಾರ!” ಎಂದು ಕೂಗಾಡಿದರಂತೆ. “ನಾನು ಅವರ ಮುಖ ನೋಡ್ಲಿಲ್ಲಮ್ಮ, ಪಾದ ನೋಡ್ದೆ. ಬಾಯಿ ಬಯ್ತಾ ಇತ್ತು, ಕಾಲು ತಾಳ ಹಾಕ್ತಾ ಇತ್ತು” ಎನ್ನುವಾಗ ಮಾಸ್ಟರು ಕುರ್ಚಿಯಲ್ಲೇ ಒಂದು ಗೇಣು ಎತ್ತರವಾಗುತ್ತಿದ್ದರು.

ಅವರ ಪಾರ್ಟಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಹಾಡಿನ ಮೊದಲ ಸುತ್ತು ಎಲ್ಲರೂ ಸೇರಿ ಬಾರಿಸುವುದು. ಆಮೇಲೆ ಒಂದೊಂದು ಸುತ್ತು ಒಬ್ಬೊಬ್ಬರದು. ಯಾರದು ಯಾವಾಗ ಎನ್ನುವುದು ಮೊದಲೇ ಗೊತ್ತಿರುವುದಿಲ್ಲ. ಸುತ್ತು ಮುಗಿಯುವ ಹೊತ್ತಿಗೆ ಮಾಸ್ಟರು ಕಮಾನು ಎತ್ತಿ ಒಂದು ಹೆಸರು ಕೂಗುತ್ತಾರೆ: “ಎತ್ಕೋ, ಜೋಸೆಫ್!” ಕರೆಸಿಕೊಂಡವನು ಮನಸ್ಸಿಗೆ ಬಂದಂತೆ ಬಾರಿಸಬಹುದು. ಕರೆಯದವನು ಸುಮ್ಮನೆ ತಾಳ ಹಿಡಿದುಕೊಂಡಿರಬೇಕು. ಕರೆಯದೆ ಯಾರೂ ಎತ್ತಿಕೊಳ್ಳುವಂತಿಲ್ಲ.

ಹೆಸರು ಕೂಗುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯನಿಗೆ ಈಗ ಹೆಸರುಗಳೇ ಜಾರುತ್ತಿದ್ದವು. ಮೊದಲು ನನ್ನದು ಹೋಯಿತು. ಒಂದು ದಿನ ನಾನು ಮುನಿರಾಜು, ಒಂದು ದಿನ ರಹೀಮ್. ಮುನಿರಾಜು ಎಂದರೆ ಡ್ರಮ್ಮಿನವನು, ರಹೀಮ್ ಎಂದರೆ ಮ್ಯಾಂಡೊಲಿನ್‌ನವನು. ಅವರಿಬ್ಬರೂ, ಬೇಸಿನವನೂ ತೀರಿಹೋಗಿ ವರ್ಷಗಳಾಗಿದ್ದವು. ಉಳಿದಿದ್ದವನು ಜೋಸೆಫ್ ಒಬ್ಬನೇ. ಆ ಹೆಸರು ಮಾತ್ರ ಹೋಗದ ಹಾಗೆ ಅವರು ಅದನ್ನು ಗ್ರಿಲ್ಲಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ವಸುಧಾ ಒರೆಸಿದರೆ ಮರುದಿನ ಮತ್ತೆ ಬರೆಯುತ್ತಿದ್ದರು.

ಯಾಕೆ ಎಂದು ಒಂದು ಮಧ್ಯಾಹ್ನ ಕೇಳಿದೆ. ಕಮಾನನ್ನು ತೊಡೆಯ ಮೇಲಿಟ್ಟುಕೊಂಡರು.

“ಕ್ಲಬ್ಬಲ್ಲಿ ಒಂದ್ಸಲ ಪ್ರೋಗ್ರಾಂ ಮುಗಿದ್ಮೇಲೆ ಜನ ಬಂದು ಜೋಸೆಫ್ ಕೈ ಕುಲುಕಿದ್ರು. ‘ನಿಮ್ಮ ಬ್ಯಾಂಡ್ ತುಂಬಾ ಚೆನ್ನಾಗಿದೆ’ ಅಂದ್ರು ಅವನಿಗೆ. ನಿಮ್ಮ ಬ್ಯಾಂಡ್ ಅಂತೆ! ನಾನು ಪಕ್ಕದಲ್ಲೇ ನಿಂತಿದ್ದೆ, ಪೆಟ್ಟಿಗೆ ಹಿಡ್ಕೊಂಡು.”

“ಆಮೇಲೆ?”

“ಮುಂದಿನ ಪ್ರೋಗ್ರಾಮಲ್ಲಿ ಅವನನ್ನ ಕರೀಲೇ ಇಲ್ಲ. ಎರಡೂವರೆ ಗಂಟೆ, ಒಂದೇ ಒಂದ್ಸಲ ಕರೀಲಿಲ್ಲ. ಅವನು ಗಿಟಾರು ತೊಡೆ ಮೇಲಿಟ್ಕೊಂಡು, ಸ್ಟೀಲು ಕೈಲಿ ಹಿಡ್ಕೊಂಡು ನನ್ನ ಬಾಯೇ ನೋಡ್ತಾ ಕೂತಿದ್ದ. ನಾನು ಬಾಯಿ ತೆಗೆದಾಗೆಲ್ಲ ಅವನ ಕೈ ತಂತಿ ಹತ್ರ ಬರೋದು. ನಾನು ಬೇರೆ ಹೆಸರು ಕೂಗೋದು. ಕೈ ವಾಪಸ್ ಹೋಗೋದು. ಎಲ್ಲ ಆದ್ಮೇಲೆ ಗಿಟಾರು ಒರೆಸಿ ಬಟ್ಟೆ ಸುತ್ತಿದ. ‘ಬರ್ತೀನಿ ಮಾಸ್ಟರ್’ ಅಂದ. ಒಂದು ಕೆಟ್ಟ ಮಾತಾಡ್ಲಿಲ್ಲಮ್ಮ. ಬೈದಿದ್ರೆ ನಾನು ಬದುಕ್ಕೊಳ್ತಿದ್ದೆ.”

ಜೋಸೆಫ್ ಮತ್ತೆ ಬರಲಿಲ್ಲ. ಕಾರ್ಖಾನೆಯಲ್ಲೂ ಬೇರೆ ಶಿಫ್ಟ್ ಕೇಳಿ ಹಾಕಿಸಿಕೊಂಡ. ವರ್ಷದೊಳಗೆ ಪಾರ್ಟಿ ಮುರಿಯಿತು. ಇವರು ಆಮೇಲೆ ಮದುವೆಯ ಆರತಕ್ಷತೆಗಳಲ್ಲಿ ಯಾರದೋ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಕೂತು ಸಿನಿಮಾ ಹಾಡು ಬಾರಿಸಿದರು. ರಿಟೈರಾದ ಮೇಲೆ ಅದೂ ನಿಂತಿತು.

“ಇಲ್ಲಿಂದ ವಿಲ್ಸನ್ ಗಾರ್ಡನ್ ಏನು ಕಾಶೀನಾ ಸಾರ್? ಇಷ್ಟು ವರ್ಷದಲ್ಲಿ ಒಂದ್ಸಲ ಹೋಗಿ ತಪ್ಪಾಯ್ತಪ್ಪ ಅನ್ಬಾರ್ದಾಗಿತ್ತಾ?” ಎಂದು ನೇರವಾಗಿಯೇ ಕೇಳಿದೆ. ನನ್ನ ಬಾಯಿ ಇರುವುದೇ ಹಾಗೆ.

“ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ. ಹಾಡಿನ ಮಧ್ಯೆ ಬಿಟ್ಟಿದ್ದು, ಹಾಡಿನ ಮಧ್ಯೆನೇ ಕರೀಬೇಕು. ಪಿಟೀಲು ತಗೊಂಡು ಹೋಗೋಕೆ ನಾಚಿಕೆ ಆಯ್ತು. ನಾಳೆ ನಾಳೆ ಅಂದೆ. ಈಗ ಹೆಸರು ನನ್ನ ಹತ್ರ ಇರೋವಾಗ್ಲೇ ಹೋಗ್ಬೇಕು. ಬೀಗ ತೆಗೀಮ್ಮ.”

“ಆಂಜನೇಯನ ಮೇಲೆ ಆಣೆ ಇಟ್ಟಿದ್ದೀನಿ ಸಾರ್.”

“ಸಮುದ್ರಾನೇ ಹಾರಿದೋನು ಕಣಮ್ಮ ಅವನು. ಅವನಿಗೆ ಬೀಗ ಕಾಯೋ ಕೆಲ್ಸ ಕೊಟ್ಟಿದ್ದೀಯಲ್ಲ!”

ನಗು ಬಂತು. ಆದರೂ ತೆಗೆಯಲಿಲ್ಲ. ಅಂದಿನಿಂದ ದಿನಾ ಇದೇ ಬೇಡಿಕೆ. ನಾನು ಊಟದ ಡಬ್ಬಿ ಸಂದಿಯಲ್ಲಿ ತೂರಿಸುವಾಗ ಅವರು ನನ್ನ ಬಳೆಗಳನ್ನು ಮುಟ್ಟಿ, “ಎರಡೇ ಗಂಟೆ” ಎನ್ನುತ್ತಿದ್ದರು. ಸಂಜೆ ದೀಪ ಹಚ್ಚುವಾಗ ಆ ಕೀ ನನ್ನ ಕಣ್ಣೆದುರಿಗೇ ತೂಗಾಡುತ್ತಿತ್ತು. ದೇವರನ್ನು ನೋಡಬೇಕೋ ಕೀಯನ್ನು ನೋಡಬೇಕೋ ತಿಳಿಯದೆ ಕಣ್ಣು ಮುಚ್ಚಿಕೊಂಡೇ ಕೈಮುಗಿಯುತ್ತಿದ್ದೆ.

ಹೀಗಿರುವಾಗ ಒಂದು ಸೋಮವಾರ ಮಾಸ್ಟರ ಮೊಬೈಲ್ ಹೊಡೆದುಕೊಂಡಿತು. ಯಾರೆಂದು ಅವರಿಗೆ ತಿಳಿಯದೆ ಗ್ರಿಲ್ಲಿನಿಂದ ನನಗೆ ಕೊಟ್ಟರು. ಆ ಕಡೆ ಒಂದು ಹೆಣ್ಣಿನ ದನಿ. “ಮೇಡಂ, ನಾನು ಸ್ಟೆಲ್ಲಾ, ಜೋಸೆಫ್ ಅವರ ಸೊಸೆ. ಮಾವನಿಗೆ ಸ್ಟ್ರೋಕ್ ಆಗಿ ಬಲಗಡೆ ಬಿದ್ದೋಗಿದೆ. ಡಾಕ್ಟ್ರು ಇನ್ನು ಮನೇಲೇ ನೋಡ್ಕೊಳ್ಳಿ ಅಂದ್ಬಿಟ್ರು. ‘ಮಾಸ್ಟರ್ ಬರ್ತಾರಾ’ ಅಂತ ಎರಡು ದಿನದಿಂದ ಕೇಳ್ತಾನೇ ಇದ್ದಾರೆ. ಅವರ ಫ್ಯಾಕ್ಟರಿಯ ಹಳೇ ಸ್ನೇಹಿತರ ಹತ್ರ ಕೇಳಿ ಈ ನಂಬರ್ ತಗೊಂಡೆ.”

ಆ ಸಂಜೆಯೇ ವಸುಧಾಳಿಗೆ ಹೇಳಿದೆ. ಅವಳು ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

“ಅಕ್ಕ, ಪರೀಕ್ಷೆ ಡ್ಯೂಟಿ ಮುಗೀಲಿ. ಭಾನುವಾರ ನೋಡೋಣ.”

“ಭಾನುವಾರದವರೆಗೆ ಅಲ್ಲಿ ಜೀವ ಇರ್ಬೇಕಲ್ಲಮ್ಮ.”

“ಇಳಿಯೋವಾಗ ಇನ್ನೊಂದು ಸಲ ಬಿದ್ರೆ ಇಲ್ಲೂ ಇರಲ್ಲ. ಆಗ ನೋಡ್ಕೊಳ್ಳೋಳು ಯಾರು? ಆ ಬ್ಯಾಂಡು ಬ್ಯಾಂಡು ಅಂತ ನಮ್ಮಮ್ಮನ್ನ ಒಂದು ದಿನ ಸಿನಿಮಾಕ್ಕೆ ಕರ್ಕೊಂಡು ಹೋಗ್ಲಿಲ್ಲ ಇವರು. ಈಗ ಅದಕ್ಕಾಗಿ ನಾನು ರಜೆ ಹಾಕ್ಬೇಕಾ?” ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮಂಗಳವಾರ ಕಳೆಯಿತು. ಬುಧವಾರ ಮಧ್ಯಾಹ್ನ ಅತ್ತೆಗೆ ಊಟ ಮಾಡಿಸಿ ಮಲಗಿಸಿದೆ. ಕೆಲಸದ ಲಕ್ಷ್ಮಿಯನ್ನು ಅವರ ಪಕ್ಕ ಕೂರಿಸಿದೆ. ದೇವರಮನೆಗೆ ಹೋಗಿ, “ನಿನ್ನ ಮುಂದೆ ಕೊಟ್ಟ ಮಾತನ್ನ ನಿನ್ನ ಮುಂದೇನೇ ಮುರೀತಿದ್ದೀನಿ. ಶಿಕ್ಷೆ ನನಗಿರಲಿ, ಅವರ ಕಾಲು ಮಾತ್ರ ಜಾರಿಸಬೇಡ” ಎಂದು ಹೇಳಿ ಕೀ ತೆಗೆದುಕೊಂಡೆ. ಮೇಲೆ ಹೋಗಿ ಬೀಗ ತೆಗೆದೆ.

ಮಾಸ್ಟರು ಕೋಟು ಹಾಕಿಕೊಂಡೇ ಕೂತಿದ್ದರು. ದಿನಾ ಹಾಕಿಕೊಂಡೇ ಕೂರುತ್ತಿದ್ದರೆಂದು ಆಮೇಲೆ ಹೊಳೆಯಿತು. “ಹೆಸರು ಜಾರಿಬಿಟ್ರೆ? ಇಲ್ಲಿ ಬರೀಮ್ಮ” ಎಂದು ಅಂಗೈ ಚಾಚಿದರು. ಅಡುಗೆಮನೆಯ ಲಿಸ್ಟ್ ಬರೆಯುವ ಪೆನ್ನಿನಲ್ಲಿ ದಪ್ಪಗೆ ‘ಜೋಸೆಫ್’ ಎಂದು ಬರೆದೆ.

ಹದಿನೇಳು ಮೆಟ್ಟಿಲು. ಒಂದೊಂದಕ್ಕೂ ಒಂದು ರಾಮನಾಮ. ಇಳಿಯಲು ಕಾಲು ಗಂಟೆ ಹಿಡಿಯಿತು. ಬೀದಿಗೆ ಕಾಲಿಟ್ಟ ಕೂಡಲೇ ಅವರು ನಿಂತು, ಬಿಸಿಲಿಗೆ ಮುಖವೊಡ್ಡಿ ಬಾಯಿ ತೆರೆದು ಉಸಿರೆಳೆದುಕೊಂಡರು. ದೇವರು ದೊಡ್ಡವನು, ಮೊದಲ ಆಟೋದವನೇ ಒಪ್ಪಿಕೊಂಡ. “ನಿಧಾನಕ್ಕೆ ಹತ್ತಿಸಿ ಆಂಟಿ, ಅರ್ಜೆಂಟಿಲ್ಲ” ಎಂದ. ಅರ್ಜೆಂಟು ಎಷ್ಟಿತ್ತೆಂದು ಅವನಿಗೇನು ಗೊತ್ತು? ಅಶೋಕ ಪಿಲ್ಲರ್ ದಾಟಿ ಸಿದ್ದಾಪುರದ ಕಡೆಯಿಂದ ಹೋದೆವು. ದಾರಿಯುದ್ದಕ್ಕೂ ಮಾಸ್ಟರು ಅಂಗೈ ನೋಡಿಕೊಳ್ಳುತ್ತಾ, “ಜೋಸೆಫ್, ಜೋಸೆಫ್” ಎಂದು ಜಪ ಮಾಡುತ್ತಿದ್ದರು.

ಸಣ್ಣ ಮನೆ. ಗೋಡೆಯ ಮೇಲೆ ಯೇಸುವಿನ ಪಟ, ಅದರ ಕೆಳಗೆ ಪುಟ್ಟ ಕೆಂಪು ಬಲ್ಬು. ಅವನಿಗೂ ಕೈ ಮುಗಿದು, ಇವತ್ತೊಂದು ದಿನ ನೀನೂ ನೋಡಿಕೋ ಎಂದೆ. ಜೋಸೆಫ್ ದಿಂಬುಗಳ ನಡುವೆ ಒರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಮಾಸ್ಟರನ್ನು ಕಂಡ ಕೂಡಲೇ ಅರ್ಧ ಮುಖದಲ್ಲಿ ನಕ್ಕು ಸೊಸೆಗೆ ಕಣ್ಸನ್ನೆ ಮಾಡಿದರು. ಸ್ಟೆಲ್ಲಾ ಕಾಟಿನ ಕೆಳಗಿನಿಂದ ಗಿಟಾರು ಎಳೆದು, ಬಟ್ಟೆ ಬಿಚ್ಚಿ, ಅವರ ತೊಡೆಯ ಮೇಲಿಟ್ಟಳು. ಉಕ್ಕಿನ ತುಂಡನ್ನು ಎಡಗೈಗೆ ಕೊಟ್ಟಳು.

ಮಾಸ್ಟರು ಪೆಟ್ಟಿಗೆ ತೆರೆದು ಶ್ರುತಿ ನೋಡಿಕೊಂಡು ಎದ್ದು ನಿಂತರು. “ಕೂತ್ಕೊಂಡೇ ಬಾರಿಸಿ ಸಾರ್” ಎಂದರೆ ಕೇಳಬೇಕಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತರು. ಅವರು ಬಿದ್ದರೆ ಹಿಡಿಯಲೆಂದು ನಾನು ಪಕ್ಕದಲ್ಲಿ ಕೈ ಚಾಚಿಕೊಂಡು ನಿಂತೆ.

ಬಾರಿಸಿದರು. ಆ ಸಂಗೀತ ನನಗೆ ತಿಳಿಯದು. ಆದರೆ ಉಯ್ಯಾಲೆ ತಳ್ಳುವ ಕಾಲ್ಬೆರಳು ಎಲ್ಲಿದೆ ಎಂದು ತಿಳಿಯಿತು. ಸ್ಟೆಲ್ಲಾ ತಲೆ ಆಡಿಸತೊಡಗಿದಳು. ಮೊದಲ ಸುತ್ತು ಮುಗಿಯುತ್ತಾ ಬಂತು. ಮಾಸ್ಟರು ಕಮಾನು ಎತ್ತಿದರು, ಬಾಯಿ ತೆರೆದರು. ಜೋಸೆಫರ ಎಡಗೈ ತಂತಿಯ ಹತ್ತಿರ ಬಂತು.

ಹೆಸರು ಬರಲಿಲ್ಲ.

ಬಾಯಿ ತೆರೆದೇ ಇತ್ತು. ಕಣ್ಣು ಅಂಗೈಯನ್ನು ಹುಡುಕಿತು. ಆಗ ನನಗೆ ತಿಳಿಯಿತು. ಅವರು ಚಾಚಿದ್ದು ಎಡಗೈ, ನಾನು ಬರೆದದ್ದೂ ಎಡಗೈ ಮೇಲೆ. ಪಿಟೀಲಿನ ಕತ್ತನ್ನು ಹಿಡಿಯುವುದು ಅದೇ ಕೈ. ಹೆಸರು ಪಿಟೀಲಿನ ಕೆಳಗೆ ಮುಚ್ಚಿಹೋಗಿತ್ತು. ಅರವತ್ತು ವರ್ಷ ಪಿಟೀಲು ಹಿಡಿದವರಿಗೂ ಹೊಳೆಯಲಿಲ್ಲ, ಬರೆದ ನನಗೂ ಹೊಳೆಯಲಿಲ್ಲ.

ಅವರು ಹಾಡು ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು ಎತ್ತಿಕೊಂಡರು. ಅದರ ಕೊನೆಯಲ್ಲೂ ಬಾಯಿ ತೆರೆದರು, ಜೋಸೆಫರ ಕೈ ತಂತಿಯ ಬಳಿ ಬಂತು, ಹೆಸರು ಬರಲಿಲ್ಲ, ಕೈ ವಾಪಸ್ ಹೋಯಿತು. ಮೂರನೆಯ ಸುತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು, ಕಾಲು ನಡುಗುತ್ತಿತ್ತು. ಹೊರಗೆ ಬರುವ ಬಾಗಿಲು ಸಿಗದೆ ಆ ಹಾಡಿನೊಳಗೇ ಅವರು ಸುತ್ತುತ್ತಿದ್ದರು. ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಬಹುದಿತ್ತು. ಆದರೆ ನಾನು ಕರೆದರೆ ಅದು ನಾನು ಕರೆದ ಹಾಗೆ. ಸ್ಟೆಲ್ಲಾ ತಡೆಯಲಾರದೆ ಬಾಯಿ ತೆರೆದಾಗ ಜೋಸೆಫ್ ಬೇಡವೆಂದು ತಲೆಯಾಡಿಸಿದರು.

ನಾಲ್ಕನೆಯ ಸುತ್ತಿನ ಕೊನೆಗೆ ಜೋಸೆಫ್ ಕಾಯಲಿಲ್ಲ. ಮಾಸ್ಟರು ಬಾಯಿ ತೆರೆಯುವ ಮೊದಲೇ ಎಡಗೈಯ ಉಕ್ಕನ್ನು ತಂತಿಯ ಮೇಲೊತ್ತಿ ಜಾರಿಸಿದರು. ಮೀಟಲು ಬಲಗೈ ಇಲ್ಲ. ಅವರು ಸ್ಟೆಲ್ಲಾಳನ್ನು ನೋಡಿದರು. ಅವಳು ಬಗ್ಗಿ ಒಂದು ಬೆರಳಿನಿಂದ ಒಂದೇ ತಂತಿಯನ್ನು ಮೀಟಿದಳು. ಅಷ್ಟರಿಂದಲೇ ಅವರು ದನಿಯನ್ನು ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ ಎಳೆದೊಯ್ದರು. ಯಾರೋ ದೂರದಿಂದ ಓ ಎಂದು ಓಗೊಟ್ಟ ಹಾಗಿತ್ತು.

ಕರೆಯದೆ ಒಬ್ಬ ಎತ್ತಿಕೊಂಡದ್ದು ಆ ಪಾರ್ಟಿಯಲ್ಲಿ ಅದೇ ಮೊದಲು. ಮಾಸ್ಟರ ಹುಬ್ಬು ಮೇಲೇರಿತು. ಬೈಯುತ್ತಾರೇನೋ ಎಂದು ಹೆದರಿದೆ. ಅವರು ತಮ್ಮ ಪಿಟೀಲಿನ ದನಿಯನ್ನು ತಗ್ಗಿಸಿ, ಇನ್ನೂ ತಗ್ಗಿಸಿ, ಆ ಒಂದು ತಂತಿಗೆ ಪಕ್ಕವಾದ್ಯದವರಂತೆ ಬಾರಿಸಿದರು. ಮುಗಿದಾಗ ಸ್ಟೆಲ್ಲಾ ಸೆರಗಿನಿಂದ ಮಾವನ ಬಾಯಿ ಒರೆಸಿದಳು. ಜೋಸೆಫ್ ಒಂದೊಂದೇ ಮಾತು ಕೂಡಿಸಿ ಹೇಳಿದರು: “ಕರೀತೀರಾ... ಕರೀತೀರಾ ಅಂತ... ನಲವತ್ತು ವರ್ಷ ಕಾದೆ ಮಾಸ್ಟರ್. ಇನ್ನು ಕಾಯೋಕೆ... ನಂಗೆ ಟೈಮಿಲ್ಲ.”

ಮಾಸ್ಟರು ಮಗುವಿನಂತೆ ಅತ್ತರು. ಜೋಸೆಫ್ ಅರ್ಧ ಮುಖದಲ್ಲಿ ನಗುತ್ತಲೇ ಇದ್ದರು.

ಮರಳಿ ಬರುವಾಗ ಆಟೋ ಅಶೋಕ ಪಿಲ್ಲರ್ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಿತ್ತು. ಮಾಸ್ಟರು ಎಡ ಅಂಗೈ ಬಿಡಿಸಿ ನೋಡಿಕೊಂಡರು. ಬೆವರಿಗೆ ಅಕ್ಷರ ಕದಡಿ ನೀಲಿ ಕಲೆಯಾಗಿತ್ತು. “ಎಲ್ಲಿಗಮ್ಮ ಹೊರಟಿದ್ದೀವಿ?” ಎಂದರು.

“ಮನೆಗೆ ಸಾರ್.”

“ಮೊದಲು ವಿಲ್ಸನ್ ಗಾರ್ಡನ್‌ಗೆ ಹೋಗ್ಬೇಕಲ್ಲ! ಜೋಸೆಫ್‌ನ ಕರೀಬೇಕು.”

ಹೆಸರು ಆಗ ಬಂತು. ಸ್ಪಷ್ಟವಾಗಿ, ಪೂರ್ತಿಯಾಗಿ. ನಾನು ಆಟೋದ ಕಂಬಿ ಹಿಡಿದುಕೊಂಡು ಹೊರಗೆ ನೋಡಿದೆ.

ಸಂಜೆ ವಸುಧಾ ಬಂದಾಗ ನಾನೇ ಹೇಳಿಬಿಟ್ಟೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಮನೆ ಖಾಲಿ ಮಾಡಿ ಎನ್ನುತ್ತಾಳೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. “ದೇವರ ಮೇಲೆ ಆಣೆ ಇಟ್ಟಿದ್ರಲ್ಲ ಅಕ್ಕ” ಎಂದಳು. ಹೌದೆಂದೆ. ನಾನು ಚಾಚಿದ ಕೀಯನ್ನು ಅವಳು ತೆಗೆದುಕೊಳ್ಳಲಿಲ್ಲ. “ಬೇರೆ ಯಾರಿಗೆ ಕೊಡ್ಲಿ? ಬೀಗ ಹಾಕೋದು ನಂಗ್ ಇಷ್ಟಾನಾ? ಸ್ಕೂಲಲ್ಲಿ ಪಾಠ ಮಾಡ್ತಾ ಇರೋವಾಗ್ಲೂ ಆ ಬೀಗದ ಸದ್ದು ಕೇಳ್ಸುತ್ತೆ ನಂಗೆ” ಎಂದು ಎದ್ದು ಮೇಲೆ ಹೋದಳು. ಕೀ ಮತ್ತೆ ಅದೇ ಮೊಳೆಗೆ ಬಂತು. ಭಾನುವಾರ ಬೆಳಿಗ್ಗೆ ಸ್ಟೆಲ್ಲಾ ಫೋನ್ ಮಾಡಿದಳು. ಜೋಸೆಫ್ ತೀರಿಕೊಂಡಿದ್ದರು.

ಮಾಸ್ಟರಿಗೆ ಹೇಳಿದೆವು, ಅದೂ ನೆನಪಿನಲ್ಲಿ ಉಳಿಯಲಿಲ್ಲ. ಮರುದಿನ ಡಬ್ಬಿ ಕೊಡುವಾಗ ಬಳೆ ಮುಟ್ಟಿ, “ಬೀಗ ತೆಗೀಮ್ಮ. ಜೋಸೆಫ್‌ನ ಕರೀಬೇಕು” ಎಂದರು.

“ಹೋಗಿ ಬಂದ್ವಲ್ಲ ಸಾರ್. ಅವರು ಬಾರಿಸಿದ್ರಲ್ಲ.”

“ಹೌದಾ?” ಮುಖ ಅರಳಿತು. ಗ್ರಿಲ್ಲಿಗೆ ಹಣೆ ಹಚ್ಚಿ ಕೇಳಿದರು: “ನಾನು ಕರೆದ್ನಾ?”

ನಾನು ಸುಳ್ಳು ಹೇಳುವವಳಲ್ಲ. ಗಂಡನಿಗೆ ಸೀರೆಯ ಬೆಲೆ ಸಹ ಕಡಿಮೆ ಮಾಡಿ ಹೇಳಿದವಳಲ್ಲ. “ಕರೆದ್ರಿ ಸಾರ್” ಎಂದೆ.

“ಜೋರಾಗಿ?”

“ಬೀದಿಗೆಲ್ಲ ಕೇಳೋ ಹಾಗೆ.”

ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡರು. ಅಷ್ಟು ನೆಮ್ಮದಿ ಅರ್ಧ ದಿನಕ್ಕೆ ಬರುತ್ತಿತ್ತು. ಮರುದಿನ ಮತ್ತೆ ಅದೇ ಡಬ್ಬಿ, ಅದೇ ಬಳೆ, ಅದೇ ಪ್ರಶ್ನೆ. ಒಂದೊಂದು ದಿನ ಎರಡು ಸಲ. ಏಳು ತಿಂಗಳು ಹೀಗೆ ನಡೆಯಿತು. ಮಧ್ಯಾಹ್ನ ಸುಳ್ಳು ಹೇಳಿ ಸಂಜೆ ಅದೇ ಬಾಯಿಂದ ಸ್ತೋತ್ರ ಹೇಳುತ್ತಿದ್ದೆ. ತಪ್ಪಾಯಿತು ಎಂದು ದೇವರ ಮುಂದೆ ಅನ್ನಲು ಹೋದರೆ ನಾಳೆಯೂ ಇದನ್ನೇ ಹೇಳುತ್ತೇನಲ್ಲ ಎನ್ನುವುದು ನೆನಪಾಗಿ ಸುಮ್ಮನಾಗುತ್ತಿದ್ದೆ.

ಮಾಗಿಯ ಚಳಿಯಲ್ಲಿ ಅವರಿಗೆ ಕೆಮ್ಮು ಹಿಡಿದು ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಬೇಕಾಯಿತು. ಇಬ್ಬರು ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ವಸುಧಾ ಮುಂದೆ ಚೀಲ ಹಿಡಿದುಕೊಂಡು, ನಾನು ಪಕ್ಕದಲ್ಲಿ ಅವರ ಕಾಲಿಗೆ ಶಾಲು ಹೊದಿಸುತ್ತಾ ಇಳಿದೆವು. ಗೇಟಿನವರೆಗೆ ಬಂದರೂ ಅವರು ಆವತ್ತು ನನ್ನನ್ನು ಏನೂ ಕೇಳಲಿಲ್ಲ. ಕೇಳದೆ ಹೋಗಿಬಿಡುತ್ತಾರಲ್ಲ ಎಂದು ನನಗೇ ತಡೆಯಲಾಗಲಿಲ್ಲ. ಕಿವಿಯ ಹತ್ತಿರ ಬಗ್ಗಿ, “ಸಾರ್, ಅವರು ಬಾರಿಸಿದ್ರು” ಎಂದೆ.

ಯಾರು ಎಂದು ಅವರು ಕೇಳಲಿಲ್ಲ. ಕರೆದೆನಾ ಎಂದೂ ಕೇಳಲಿಲ್ಲ. ಕಣ್ಣು ತೆರೆದು ನನ್ನನ್ನು ನೋಡಿದರು.

“ಚೆನ್ನಾಗಿ ಬಾರಿಸಿದ್ರಾ?”

“ತುಂಬಾ ಚೆನ್ನಾಗಿ” ಎಂದೆ. ಏಳು ತಿಂಗಳಲ್ಲಿ ಮೊದಲ ಸಲ ಅವರಿಗೆ ಬರೀ ನಿಜ ಹೇಳಿದ್ದೆ. ಆಂಬುಲೆನ್ಸಿನ ಬಾಗಿಲು ಮುಚ್ಚಿದರು.